ಕಾಪು ಕಡಲು, ದೊಡ್ಡಮ್ಮನ ಹಿಮ್ಮಡಿ

ಮೊನ್ನೆ ಮೇ ತಿಂಗಳಲ್ಲಿ ಕಾಪು ಕಡಲಿಗೆ ಹೋಗಿದ್ದೆ. ಅದೇನು ದೊಡ್ಡ ವಿಷಯ ಅಂತ ನಿಮಗೆ ಅನಿಸಬಹುದು. ಉಡುಪಿಯಿಂದ ಅರ್ಧ ಗಂಟೆ ದಾರಿ, ಭಾನುವಾರ ಸಂಜೆ ನಿಮ್ಮಲ್ಲಿ ಅರ್ಧ ಜನ ಅಲ್ಲೇ ಇರುತ್ತೀರಿ. ಆದರೆ ನಾನು ಹುಟ್ಟಿದ ಮನೆ ಆ ಕಡಲಿನಿಂದ ಕೂಗಳತೆಯಲ್ಲಿತ್ತು. ಆ ಮರಳಿಗೆ ಕಾಲಿಡದೆ ಇಪ್ಪತ್ತು ವರ್ಷ ಆಗಿತ್ತು. ಮನೆ ಮಾರಿದ್ದು ಒಂದು ಕಾರಣ. ಇನ್ನೊಂದು ಕಾರಣ ನನ್ನ ದೊಡ್ಡಮ್ಮ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲೈಟ್‌ಹೌಸ್ ಹಾಗೇ ಇದೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಅದಕ್ಕೇನೂ ಆಗಿಲ್ಲ. ಉಳಿದದ್ದೆಲ್ಲ ಬದಲಾಗಿದೆ. ನಾವು ಬಲೆ ಒಣಗಿಸುತ್ತಿದ್ದ ಕಡೆ ಕಾರು ನಿಲ್ಲಿಸುತ್ತಾರೆ. ಗೋಬಿ ಮಂಚೂರಿ, ಐಸ್‌ಕ್ರೀಮ್, ಮಕ್ಕಳನ್ನು ಕೂರಿಸಿಕೊಂಡು ಓಡುವ ಒಂಟೆ. ಕಾಪುವಿನಲ್ಲಿ ಒಂಟೆ! ಹತ್ತಿರದ ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಚೆಂದವೇ. ದೂರು ಹೇಳುತ್ತಿಲ್ಲ. ನಮ್ಮ ಕಾಲದಲ್ಲಿ ಕಡಲು ಅಂದರೆ ಕೆಲಸದ ಜಾಗ. ಈಗ ಕೆಲಸ ಮುಗಿಸಿ ಬರುವ ಜಾಗ, ಅಷ್ಟೇ ವ್ಯತ್ಯಾಸ.

ನನ್ನ ಜೊತೆ ಅಮ್ಮ ಇದ್ದರು, ಅವರಿಗೆ 84. ಇನ್ನೊಬ್ಬ ಏಳು ವರ್ಷದವನು, ನನ್ನ ತಂಗಿಯ ಮೊಮ್ಮಗ. ಹುಟ್ಟಿದ್ದು ಬೆಳೆಯುತ್ತಿರುವುದು ಮೆಲ್ಬರ್ನ್‌ನಲ್ಲಿ. ರಜೆಗೆ ಬಂದಿದ್ದ. ಸಂಜೆ ನಾಲ್ಕು ಗಂಟೆ. ಕಾರಿನಿಂದ ಇಳಿಯುವ ಮೊದಲೇ ಹುಡುಗ ತನ್ನ ಚೀಲ ತೆಗೆದ. ಮಣಿಕಟ್ಟಿನವರೆಗೆ ಬರುವ ಈಜು ಅಂಗಿ ಹಾಕಿಕೊಂಡ. ಹಿಂದೆ ಕುತ್ತಿಗೆ ಮುಚ್ಚುವ ಬಟ್ಟೆ ಇರುವ ಟೋಪಿ ಹಾಕಿಕೊಂಡ. ಮೂಗಿನ ಮೇಲೆ ಕ್ರಿಕೆಟ್ ಆಡುವವರ ಹಾಗೆ ಬಿಳಿ ಕ್ರೀಮ್ ಬಳಿದುಕೊಂಡ. ಯಾರೂ ಹೇಳಲಿಲ್ಲ, ಅವನೇ ಮಾಡಿಕೊಂಡ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ನಿಮ್ಮ ಟೋಪಿ ಎಲ್ಲಿ?" ಅಂದ.

ಮೂವತ್ತು ವರ್ಷದಿಂದ ಚರ್ಮದ ಡಾಕ್ಟರ್ ನಾನು. ನನ್ನ ಹತ್ತಿರ ಟೋಪಿ ಇರಲಿಲ್ಲ.

ಅವನ ಶಾಲೆಯಲ್ಲಿ ಒಂದು ನಿಯಮ ಇದೆ. ಟೋಪಿ ಇಲ್ಲದಿದ್ದರೆ ಆಟ ಇಲ್ಲ. ಟೋಪಿ ಮರೆತು ಬಂದ ಮಗು ಬಿಡುವಿನ ಹೊತ್ತಿನಲ್ಲಿ ನೆರಳಿನಲ್ಲೇ ಕೂರಬೇಕು. ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಹೀಗೇ. ಯಾಕೆ ಅಂದರೆ, ಆ ದೇಶದಲ್ಲಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷ ತುಂಬುವುದರೊಳಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ಮೂವರಲ್ಲಿ ಇಬ್ಬರು! ಬ್ರಿಟನ್, ಐರ್ಲೆಂಡಿನ ಮೋಡದಡಿ ಸಾವಿರಾರು ವರ್ಷ ಬಾಳಿದ ಚರ್ಮ ಅದು. ಅದನ್ನು ಎತ್ತಿಕೊಂಡು ಹೋಗಿ ಆ ಸುಡುಬಿಸಿಲಿನಲ್ಲಿ ಇಟ್ಟರೆ ಇನ್ನೇನಾಗುತ್ತದೆ? 1981ರಲ್ಲಿ ಅಲ್ಲಿ ಒಂದು ಪ್ರಚಾರ ಶುರುವಾಯಿತು. ಟಿವಿಯಲ್ಲಿ ಒಂದು ಕಡಲಹಕ್ಕಿ ಕುಣಿಯುತ್ತಾ ಹೇಳುತ್ತದೆ: ಅಂಗಿ ತೊಡಿ, ಕ್ರೀಮ್ ಬಳಿಯಿರಿ, ಟೋಪಿ ಹಾಕಿ. ಅವರ ಮಾತಿನಲ್ಲಿ ಸ್ಲಿಪ್, ಸ್ಲಾಪ್, ಸ್ಲ್ಯಾಪ್. ನಲವತ್ತು ವರ್ಷ ದಾಟಿದರೂ ಆ ಹಕ್ಕಿ ಮಕ್ಕಳ ಬಾಯಲ್ಲಿದೆ. ಆರೋಗ್ಯದ ಪ್ರಚಾರ ಅಂದರೆ ಹಾಗಿರಬೇಕು ಅಂತ ನನಗೆ ನಿಜವಾಗಿ ಹೊಟ್ಟೆಕಿಚ್ಚು.

ಆದರೆ ಒಂದು ತೊಂದರೆ ಇದೆ. ಆ ಮಾತು ಅಲ್ಲಿಂದ ಹಾಗೇ ಎದ್ದು ನಮ್ಮ ಮೊಬೈಲಿಗೆ ಬಂದು ಕೂತಿದೆ. ಚರ್ಮದ ಕ್ಯಾನ್ಸರ್ ಅಂದರೆ ಬಿಸಿಲು, ಬಿಸಿಲು ಅಂದರೆ ಸನ್‌ಸ್ಕ್ರೀನ್, ಮುಗಿಯಿತು. ಅದನ್ನು ಓದಿದ ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಸಾವಿರ ರೂಪಾಯಿ ಕೊಟ್ಟು ಕ್ರೀಮ್ ಕೊಳ್ಳುತ್ತಾರೆ. ಇಲ್ಲವೇ, "ನಾವು ಕಪ್ಪಗಿನವರು, ನಮಗದು ಬರುವುದಿಲ್ಲ" ಅಂತ ಸುಮ್ಮನಾಗುತ್ತಾರೆ. ಎರಡೂ ಗುಂಪಿನವರು ನೋಡಬೇಕಾದ ಜಾಗ ಒಂದು ಬಿಟ್ಟೇ ಹೋಗುತ್ತದೆ.

ನಮಗೆ ಕಡಿಮೆ ಬರುತ್ತದೆ, ಅದು ಸತ್ಯ. ನಮ್ಮ ದೇಶದ ಎಲ್ಲ ಕ್ಯಾನ್ಸರ್ ಸೇರಿಸಿದರೆ ಚರ್ಮದ್ದು ನೂರಕ್ಕೆ ಒಂದೆರಡು. ಕಾರಣ ಮೆಲನಿನ್, ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಬಣ್ಣ ಮಾಡುವ ಜೀವಕೋಶಗಳ ಸಂಖ್ಯೆ ನನ್ನ ಚರ್ಮದಲ್ಲೂ ಐರ್ಲೆಂಡಿನ ಹೆಂಗಸಿನ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪೊಟ್ಟಣಗಳು ಮಾತ್ರ ನಮ್ಮಲ್ಲಿ ದೊಡ್ಡವು, ಬಿಡಿಬಿಡಿಯಾಗಿ ಹರಡಿರುತ್ತವೆ. ಒಂದೊಂದು ಜೀವಕೋಶದ ನಡುವಿನ ಬೀಜಕ್ಕೂ ಮೇಲಿಂದ ಕೊಡೆ ಹಿಡಿದ ಹಾಗೆ ಕೂರುತ್ತವೆ. ನಾವು ಜೀವನಪೂರ್ತಿ ಬೇಡ ಬೇಡ ಅಂದುಕೊಂಡ ಕಪ್ಪು ಬಣ್ಣ ಮಾಡುವ ಕೆಲಸ ಇದು. ನನ್ನ ಚಿಕ್ಕಂದಿನಲ್ಲಿ "ಬಿಸಿಲಿಗೆ ಹೋಗಬೇಡ" ಅಂದರೆ ಅದರ ಹಿಂದಿನ ಮಾತು "ಕಪ್ಪಾಗ್ತೀಯ, ಗಂಡು ಸಿಗಲ್ಲ" ಅಂತ. ಈಗಲೂ ನನ್ನ ಕ್ಲಿನಿಕ್ಕಿಗೆ ಸನ್‌ಸ್ಕ್ರೀನ್ ಕೇಳಿಕೊಂಡು ಬರುವ ಹತ್ತರಲ್ಲಿ ಒಂಬತ್ತು ಜನ ಬಣ್ಣಕ್ಕಾಗಿಯೇ ಬರುತ್ತಾರೆ. ಬೇಜಾರಿಲ್ಲ, ಬರಲಿ. ಆ ನೆಪದಲ್ಲಿ ನಾನು ಚಪ್ಪಲಿ ಬಿಚ್ಚಿಸುತ್ತೇನೆ.

ಚಪ್ಪಲಿ ಯಾಕೆ? ಈಗ ದೊಡ್ಡಮ್ಮನ ವಿಷಯ.

ನಮ್ಮದು ಮೀನುಗಾರರ ಮನೆ. ಅಮ್ಮ, ದೊಡ್ಡಮ್ಮ, ಅಜ್ಜಿ ಎಲ್ಲರೂ ಒಂದೇ ಮನೆಯಲ್ಲಿ. ಆಗ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಬಲೆ ಬಿಟ್ಟು ಬಂದು, ದಡದಲ್ಲಿ ನಿಂತ ಜನ ಎರಡೂ ಕಡೆಯಿಂದ ಹಗ್ಗ ಹಿಡಿದು ಎಳೆಯುವುದು. ಮಕ್ಕಳೂ ಕೈ ಹಾಕಿದರೆ ಬೂತಾಯಿಯಲ್ಲಿ ಒಂದು ಪಾಲು ಸಿಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಮರಳು ಕಾದ ಬಾಣಲೆ. ನಾವು ಒಂದು ದೋಣಿಯ ನೆರಳಿನಿಂದ ಇನ್ನೊಂದು ದೋಣಿಯ ನೆರಳಿಗೆ ಓಡುತ್ತಿದ್ದೆವು. ಕಾಲು ಸುಟ್ಟರೆ ಅಲ್ಲೇ ಒದ್ದೆ ಬಲೆಯ ಮೇಲೆ ನಿಲ್ಲುವುದು. ದೊಡ್ಡಮ್ಮ ಮಾತ್ರ ಓಡುತ್ತಿರಲಿಲ್ಲ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಿಂದ ಬೆನ್ನಿಗೆ ಇಳಿಯುವ ಮೀನಿನ ನೀರು, ಬರಿಗಾಲು. ಊರೂರು ಸುತ್ತಿ ಮೀನು ಮಾರಿ ಬರುತ್ತಿದ್ದರು. ಅವರ ಅಂಗಾಲು ಹೇಗಿತ್ತು ಅಂದರೆ, ಮಣೆಯ ಮೇಲೆ ಕೂತು ಕಾಲು ಚಾಚಿದಾಗ ನಾನು ಉಗುರಿನಿಂದ ಕೆರೆದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಾನು ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದಾಗ ಅವರ ಬಲ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಎಂಟಾಣೆ ನಾಣ್ಯದಷ್ಟು. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಾಫಿ ಬಣ್ಣ, ಅಂಚು ಹರಿದ ಬಟ್ಟೆಯ ಹಾಗೆ. ಏನಿದು ಅಂತ ಕೇಳಿದೆ. ದೊಡ್ಡಮ್ಮ ಕಾಲು ಎಳೆದುಕೊಂಡು, "ದಾಲ ಇಜ್ಜಿ" ಅಂದರು. ತುಳು ಬರದವರಿಗೆ ಹೇಳುತ್ತೇನೆ, ಏನೂ ಇಲ್ಲ ಅಂತ ಅರ್ಥ. "ಆಣಿ ಅದು, ಮುಳ್ಳು ಚುಚ್ಚಿತ್ತು." ನಾನೂ ಬಗ್ಗಿ ನೋಡಿದೆ. ಮೂರು ವರ್ಷ ಓದಿದ ಗತ್ತು ಬೇರೆ. ಹೌದು, ಆಣಿಯೇ ಅಂದೆ.

ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ. ನಾನೇ ಹೇಳಿದ್ದು ಅದು.

ಆಣಿಗೆ ಅಂಟಿಸುವ ಪಟ್ಟಿ ತಂದರು. ಆರು ತಿಂಗಳು ಅಂಟಿಸಿದರು. ಊರಿನ ಒಬ್ಬ ಡಾಕ್ಟರ್ ಬ್ಲೇಡಿನಿಂದ ಕೆರೆದು ಮುಲಾಮು ಕೊಟ್ಟರು. ಅದು ಹುಣ್ಣಾಯಿತು, ರಕ್ತ ಜಿನುಗಿತು. ಸಕ್ಕರೆ ಕಾಯಿಲೆ ಇರಬೇಕು ಅಂತ ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ವರ್ಷ ಕಳೆದು ತೊಡೆಸಂದಿಯಲ್ಲಿ ಗಡ್ಡೆ ಬಂದಾಗ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲ ಸಲ ಯಾರೋ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮೆಲನೋಮ. ಅಲ್ಲಿಂದ ಹದಿನಾಲ್ಕು ತಿಂಗಳು ಇದ್ದರು.

ಮೆಲನೋಮ ಅಂದರೆ ಬಣ್ಣ ಮಾಡುವ ಆ ಜೀವಕೋಶಗಳದ್ದೇ ಕ್ಯಾನ್ಸರ್. ಚರ್ಮದ ಕ್ಯಾನ್ಸರುಗಳಲ್ಲಿ ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಅಂತ ಇನ್ನೆರಡು ಮುಖ್ಯ ಬಗೆ ಇವೆ. ಎಲ್ಲಕ್ಕಿಂತ ಅಪಾಯದ್ದು ಮೆಲನೋಮ. ಬಿಳಿಯರಲ್ಲಿ ಅದು ಜಾಸ್ತಿ ಬರುವುದು ಬಿಸಿಲು ಬಿದ್ದ ಬೆನ್ನು, ಕಾಲು, ಮುಖದ ಮೇಲೆ. ನಮ್ಮಂಥವರಲ್ಲಿ ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿ. ಅಂಗಾಲಿನ ಈ ಬಗೆ ಬಿಳಿಯರಿಗೂ ಹೆಚ್ಚುಕಡಿಮೆ ನಮ್ಮಷ್ಟೇ ಬರುತ್ತದೆ. ಅವರಿಗೆ ಬಿಸಿಲಿನದ್ದು ಅದರ ಮೇಲೆ ರಾಶಿ ಬೀಳುತ್ತದೆ, ನಮಗೆ ಬೀಳುವುದಿಲ್ಲ, ಅಷ್ಟೇ. ಅಂಗಾಲಿನ ಮೆಲನೋಮಕ್ಕೂ ಬಿಸಿಲಿಗೂ ಸಂಬಂಧ ಇಲ್ಲ. ದೊಡ್ಡಮ್ಮನಿಗೆ ಜಗತ್ತಿನ ಎಲ್ಲ ಸನ್‌ಸ್ಕ್ರೀನ್ ಬಳಿದಿದ್ದರೂ ಅದು ಬರುವುದು ತಪ್ಪುತ್ತಿರಲಿಲ್ಲ. ಯಾರಾದರೂ ಹಿಮ್ಮಡಿಯನ್ನು ಸರಿಯಾಗಿ ನೋಡಿದ್ದರೆ ಬದುಕುತ್ತಿದ್ದರೋ ಏನೋ.

ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಹೆಸರು ಇಲ್ಲಿ ಕೂತ ಕಾಲೇಜು ಮಕ್ಕಳಿಗೆ ಗೊತ್ತು. ನಿಮ್ಮ ಟೀ ಶರ್ಟಿನ ಮೇಲೆ ಇರುತ್ತಾನೆ. ಅವನು ಹೋಗಿದ್ದು ಇದರಲ್ಲೇ. 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನಡಿ ಮೆಲನೋಮ ಪತ್ತೆಯಾಯಿತು. ಫುಟ್‌ಬಾಲ್ ಆಡುವಾಗ ಆದ ಗಾಯ ಅಂತ ಅಂದುಕೊಂಡಿದ್ದರು. ಬೆರಳು ತೆಗೆಸಲು ಅವನು ಒಪ್ಪಲಿಲ್ಲ. 1981ರ ಮೇ ತಿಂಗಳಲ್ಲಿ ತೀರಿಕೊಂಡ, ಆಗ 36 ವರ್ಷ. ಅವನಿಗೆ ಫುಟ್‌ಬಾಲ್, ನಮ್ಮ ದೊಡ್ಡಮ್ಮನಿಗೆ ಮುಳ್ಳು. ಕಾಲಿನ ವಿಷಯದಲ್ಲಿ ಹೇಳಲು ಒಂದು ನೆಪ ಯಾವಾಗಲೂ ಇರುತ್ತದೆ.

ಈಗ ಒಂದು ಕೆಲಸ ಮಾಡೋಣ. ನಗಬೇಡಿ. ಎಲ್ಲರೂ ಒಂದು ಚಪ್ಪಲಿ ಬಿಚ್ಚಿ. ಶೂ ಹಾಕಿದವರು ಮನೆಗೆ ಹೋಗಿ ನೋಡಿಕೊಳ್ಳಿ, ಪಕ್ಕದವರ ಮೇಲೆ ಕರುಣೆ ಇರಲಿ. ಕಾಲು ಮಡಚಿ ಮಂಡಿಯ ಮೇಲೆ ಇಟ್ಟುಕೊಳ್ಳಿ. ಎಷ್ಟೇ ಕಪ್ಪಗಿದ್ದರೂ ಅಂಗಾಲು ತಿಳಿ ಬಣ್ಣ, ಅಲ್ವಾ? ಹಾಗಾಗಿ ಕಲೆ ಇದ್ದರೆ ಕಾಣುತ್ತದೆ. ನಾವು ನೋಡುವುದಿಲ್ಲ ಅಷ್ಟೇ. ಮುಖ ದಿನಕ್ಕೆ ಹತ್ತು ಸಲ ನೋಡುತ್ತೇವೆ, ಅಂಗಾಲನ್ನು ಮುಳ್ಳು ಚುಚ್ಚಿದರೆ ಮಾತ್ರ.

ಚಿಕ್ಕ ಚಿಕ್ಕ ಕಂದು ಚುಕ್ಕೆಗಳು ಕಂಡರೆ ಗಾಬರಿ ಬೇಡ. ನಮ್ಮ ಬಣ್ಣದವರ ಅಂಗಾಲಿನಲ್ಲಿ ಅವು ಮಾಮೂಲು. ಹಲವು ಬೆರಳಿನ ಉಗುರುಗಳಲ್ಲಿ ಉದ್ದಕ್ಕೆ ತೆಳುವಾದ ಕಂದು ಗೆರೆ ಇರುವುದೂ ಮಾಮೂಲು. ಒಂದೇ ಒಂದು ಉಗುರಿನಲ್ಲಿ ಹೊಸದಾಗಿ ಗೆರೆ ಬಂದು ಅಗಲ ಆಗುತ್ತಾ ಹೋದರೆ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಇಳಿದರೆ, ತೋರಿಸಲೇಬೇಕು. ಅಂಗಾಲಿನ ಕಲೆಯಾದರೆ ನಾನು ಕೇಳುವುದು ಇಷ್ಟು. ಹೊಸದಾ? ಬೆಳೆಯುತ್ತಿದೆಯಾ? ಪೆನ್ಸಿಲ್ ತುದಿಯ ರಬ್ಬರಿಗಿಂತ ದೊಡ್ಡದಾ? ಒಂದೇ ಬಣ್ಣವಾ, ಎರಡು ಮೂರು ಬಣ್ಣವಾ? ಅಂಚು ನೀಟಾಗಿದೆಯಾ? ಕೆಲವು ಮೆಲನೋಮಕ್ಕೆ ಬಣ್ಣವೇ ಇರುವುದಿಲ್ಲ, ಕೆಂಪು ಹುಣ್ಣಿನ ಹಾಗೆ ಇರುತ್ತದೆ. ಹಾಗಾಗಿ ತಿಂಗಳು ದಾಟಿದರೂ ಮಾಯದ ಯಾವ ಹುಣ್ಣನ್ನೂ "ಸಕ್ಕರೆ ಕಾಯಿಲೆ ಇದೆಯಲ್ಲ, ಅದಕ್ಕೇ" ಅಂತ ಬಿಟ್ಟುಬಿಡಬೇಡಿ.

ನಾವು ಡಾಕ್ಟರುಗಳು ಡರ್ಮೋಸ್ಕೋಪ್ ಅನ್ನುವ ಚಿಕ್ಕ ಭೂತಗನ್ನಡಿ ಇಟ್ಟು ನೋಡುತ್ತೇವೆ. ಅಂಗಾಲಿನ ಚರ್ಮ ಉತ್ತ ಗದ್ದೆಯ ಹಾಗೆ. ಒಂದು ಏರು, ಒಂದು ಸಾಲು. ಸಾಧಾರಣ ಮಚ್ಚೆಯ ಬಣ್ಣ ಸಾಲಿನ ತಗ್ಗಿನಲ್ಲಿ ಇರುತ್ತದೆ. ಮೆಲನೋಮದ ಬಣ್ಣ ಏರಿನ ಮೇಲೆ ಕೂರುತ್ತದೆ. ಜಪಾನಿನ ವೈದ್ಯರು ಗುರುತಿಸಿದ್ದು ಇದನ್ನು. ಅವರಿಗೂ ನಮ್ಮ ಹಾಗೇ ಅಂಗಾಲಿನದ್ದೇ ತೊಂದರೆ, ಅದಕ್ಕೆ ಅವರು ಅಲ್ಲೇ ನೋಡಿದರು. ನಾವು ಆಸ್ಟ್ರೇಲಿಯಾದ ಹಕ್ಕಿಯನ್ನು ನೋಡುತ್ತಾ ಕೂತೆವು.

ಅನುಮಾನ ಬಂದರೆ ಬಯಾಪ್ಸಿ, ಅಂದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದು. ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಮೈಗೆಲ್ಲ ಹಬ್ಬುತ್ತದೆ ಅನ್ನುವ ಮಾತು ನಮ್ಮ ಕಡೆ ತುಂಬಾ ಇದೆ. ತಪ್ಪು. ಪರೀಕ್ಷೆ ಮಾಡಿದ್ದರಿಂದ ಹಬ್ಬುವುದಿಲ್ಲ, ಮಾಡದೆ ಕೂತರೆ ಹಬ್ಬುತ್ತದೆ. ಮೆಲನೋಮದಲ್ಲಿ ಲೆಕ್ಕ ಇರುವುದು ಆಳದಲ್ಲಿ. ಬ್ರೆಸ್ಲೋ ಅನ್ನುವ ವೈದ್ಯ 1970ರಲ್ಲಿ ಈ ಅಳತೆಯನ್ನು ತೋರಿಸಿಕೊಟ್ಟ. 1 ಮಿಲಿಮೀಟರಿಗಿಂತ ಕಡಿಮೆ ಆಳಕ್ಕೆ ಇಳಿದಿದ್ದರೆ ಕತ್ತರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. 4 ದಾಟಿದರೆ ಕಷ್ಟ. ಇವೆರಡರ ನಡುವೆ ಇರುವುದು ಅಕ್ಕಿಕಾಳಿನ ಉದ್ದಕ್ಕಿಂತಲೂ ಕಡಿಮೆ. ದೊಡ್ಡಮ್ಮನ ಆರು ತಿಂಗಳ ಪಟ್ಟಿ ಆ ಅಂತರದಲ್ಲೇ ಮುಗಿದುಹೋಯಿತು.

ಇನ್ನೊಂದು ವಿಷಯ. ಇದು ಅಡುಗೆಮನೆಯವರಿಗೆ. ನಮ್ಮಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಎಷ್ಟೋ ಸಲ ಹಳೇ ಗಾಯದಿಂದ ಹುಟ್ಟುತ್ತದೆ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಸುಟ್ಟ ಗಾಯದ ಕಲೆ ಇರುತ್ತದೆ. ಅದು ಇದ್ದಕ್ಕಿದ್ದ ಹಾಗೆ ಒಡೆದು ಹುಣ್ಣಾಗಿ, ಅಂಚು ಗಟ್ಟಿಯಾಗಿ, ಹೂಕೋಸಿನ ಹಾಗೆ ಬೆಳೆಯುತ್ತದೆ. ಮಾರ್ಜೊಲಿನ್ ಹುಣ್ಣು ಅಂತ ಇದಕ್ಕೆ ಹೆಸರು, 19ನೇ ಶತಮಾನದ ಫ್ರೆಂಚ್ ಸರ್ಜನ್ ಒಬ್ಬನದ್ದು. ಕಾಶ್ಮೀರದಲ್ಲಿ ಚಳಿಗೆ ಫೆರನ್ ಅನ್ನುವ ನಿಲುವಂಗಿಯ ಒಳಗೆ ಕಾಂಗ್ಡಿ ಅನ್ನುವ ಕೆಂಡದ ಮಡಕೆ ಇಟ್ಟುಕೊಳ್ಳುತ್ತಾರಲ್ಲ, ಅಲ್ಲಿ ತೊಡೆಯ ಒಳಭಾಗ, ಹೊಟ್ಟೆಯ ಮೇಲೆ ಕ್ಯಾನ್ಸರ್ ಬರುತ್ತದೆ. ನಮ್ಮ ಹೆಂಗಸರಿಗೆ ಲಂಗದ ಲಾಡಿ. 2024ರಲ್ಲಿ ನಮ್ಮ ದೇಶದ ವೈದ್ಯರೇ ಅಂಥ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದರು. ವರ್ಷಗಟ್ಟಲೆ ಅದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ, ಉಜ್ಜಿ ಉಜ್ಜಿ, ಮಾಯದ ಗಾಯವಾಗಿ ಕೊನೆಗೆ ಕ್ಯಾನ್ಸರ್. ಪಂಚೆ ಬಿಗಿಯಾಗಿ ಕಟ್ಟುವ ಗಂಡಸರಲ್ಲೂ ಇದನ್ನು ಬಹಳ ಹಿಂದೆಯೇ ನೋಡಿದ್ದಾರೆ. ಹೆದರಬೇಡಿ, ಅಪರೂಪ. ಆದರೆ ಸೊಂಟದ ಮೇಲೆ ಕಪ್ಪು ಗೆರೆ ಬಿದ್ದು ನವೆ ಆಗುತ್ತಿದ್ದರೆ ಲಾಡಿ ಸಡಿಲ ಮಾಡಿ, ಸ್ವಲ್ಪ ಮೇಲೆ ಕೆಳಗೆ ಕಟ್ಟಿ. ಇದಕ್ಕೆ ಯಾವ ಕ್ರೀಮೂ ಬೇಡ, ದುಡ್ಡೂ ಬೇಡ.

ಹಾಗಾದರೆ ಬಿಸಿಲು ಪರವಾಗಿಲ್ಲವಾ ಅಂತ ಕೇಳುತ್ತೀರಿ. ಪರವಾಗಿಲ್ಲ ಅಂತ ಹೇಳಲಾರೆ. ಬಿಸಿಲಿನಲ್ಲಿ ಚರ್ಮ ಸುಡುವ ಯುವಿ ಕಿರಣ ಎಷ್ಟು ಜೋರು ಅಂತ ಹೇಳುವ ಅಳತೆ ಯುವಿ ಇಂಡೆಕ್ಸ್, ಬೇಸಿಗೆ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ಅದು 11 ದಾಟುತ್ತದೆ. 3 ಆದರೇ ಮೈ ಮುಚ್ಚಿಕೊಳ್ಳಿ ಅನ್ನುತ್ತಾರೆ. ಕಡಲ ಗಾಳಿಗೆ ತಂಪೆನಿಸಿದರೂ ಯುವಿ ಕಡಿಮೆ ಆಗುವುದಿಲ್ಲ. ಬಿಳಿ ಮರಳು, ನೊರೆ ಎರಡೂ ಅದನ್ನು ಕೆಳಗಿನಿಂದ ಮತ್ತೆ ಮುಖಕ್ಕೆ ಎಸೆಯುತ್ತವೆ. ಮೀಟರ್ ಬೇಡ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಜೋರು ಅಂತ ತಿಳಿಯಿರಿ. ದಿನವಿಡೀ ಕಡಲಲ್ಲಿರುವ ಗಂಡಸರು ಕೆಳತುಟಿ ನೋಡಿಕೊಳ್ಳಬೇಕು. ಬಿರಿದು, ಬೆಳ್ಳಗಾಗಿ, ಮಾಯದ ಹುಣ್ಣಿದ್ದರೆ ತೋರಿಸಬೇಕು. ಬೀಡಿಯೂ ಇದ್ದರೆ ಇನ್ನೂ ಬೇಗ. ನಮ್ಮ ಹಿರಿಯರು ಗದ್ದೆಗೆ ಹೋಗುವಾಗ ಅಡಿಕೆ ಹಾಳೆಯ ಮುಟ್ಟಾಳೆ ಹಾಕುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಈಗ ಅದನ್ನು ವೇದಿಕೆಯ ಮೇಲೆ ಅತಿಥಿಗಳಿಗೆ ತೊಡಿಸಿ ಫೋಟೋ ತೆಗೆಯುತ್ತೇವೆ. ಇವತ್ತು ನನಗೂ ತೊಡಿಸಿದ್ದೀರಿ. ಮನೆಗೆ ಒಯ್ಯುತ್ತೇನೆ.

ನಮ್ಮಲ್ಲೇ ಇರುವ ಕೆಲವರಿಗೆ ಮಾತ್ರ ಆ ಹಕ್ಕಿಯ ಮಾತು ಅಕ್ಷರಶಃ ಬೇಕು. ಹುಟ್ಟುವಾಗಲೇ ಮೈ, ಕೂದಲು, ಕಣ್ರೆಪ್ಪೆ ಎಲ್ಲ ಬೆಳ್ಳಗಿರುವ ಆಲ್ಬಿನಿಸಂನ ಮಕ್ಕಳು. ತೊನ್ನು ಬೇರೆ, ಇದು ಬೇರೆ. ಇವರಿಗೆ ಮೆಲನಿನ್‌ನ ಆ ಕೊಡೆ ಇಲ್ಲ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಮುಖ, ಕುತ್ತಿಗೆಯ ಮೇಲೆ ಕ್ಯಾನ್ಸರ್ ಬಂದವರನ್ನು ನೋಡಿದ್ದೇನೆ. ನಿಮ್ಮ ಶಾಲೆಯಲ್ಲಿ ಅಂಥ ಮಗು ಇದ್ದರೆ ಬೆಳಗಿನ ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಿಸಬೇಡಿ. ಸಮವಸ್ತ್ರದಲ್ಲಿ ಟೋಪಿ ಇಲ್ಲ ಅಂತ ತಕರಾರು ಮಾಡಬೇಡಿ. ಟೀಚರುಗಳು ಮುಂದೆ ಕೂತಿದ್ದೀರಿ, ನಿಮಗೇ ಹೇಳುತ್ತಿರುವುದು.

ಮತ್ತೆ ಕಾಪುವಿಗೆ ಬರೋಣ. ಹುಡುಗ ನೀರಿನಲ್ಲಿ ಆಡಿ ಸುಸ್ತಾದ. ಕತ್ತಲಾಗುತ್ತಾ ಬಂತು, ಲೈಟ್‌ಹೌಸಿನ ದೀಪ ಹತ್ತಿತು. ಕಾರು ನಿಲ್ಲಿಸುವ ಕಡೆ ಒಂದು ನಳ ಇದೆ. ಅಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ ಕಾಲು ತೊಳೆಯಲು ಬಗ್ಗಿದೆ. ಬಲ ಹಿಮ್ಮಡಿ. ಕಡುಗಪ್ಪು. ಎಂಟಾಣೆಯಷ್ಟು. ಅಂಚು ಹರಿದ ಹಾಗೆ.

ನನ್ನ ಕೈ ಅಲ್ಲೇ ನಿಂತಿತು. ಮೊಬೈಲಿನ ಟಾರ್ಚ್ ಹಾಕಿದೆ. ಹೆಬ್ಬೆರಳಿನಿಂದ ಒತ್ತಿದೆ. ಅದು ನನ್ನ ಬೆರಳಿಗೆ ಅಂಟಿಕೊಂಡಿತು.

ಅಮ್ಮ ನಗಲು ಶುರು ಮಾಡಿದರು. "ಡಾಂಬರು ಅದು. ಮೇ ಬಂತಲ್ಲ, ಕಡಲು ಎಸೆಯುತ್ತದೆ. ಎಣ್ಣೆ ಹಚ್ಚಿದರೆ ಹೋಗುತ್ತದೆ." ಹೌದು, ಮಳೆಗಾಲಕ್ಕೆ ಮೊದಲು ನಮ್ಮ ಕಡಲಿಗೆ ಡಾಂಬರಿನ ಉಂಡೆ ಬಂದು ಬೀಳುತ್ತವೆ. ಹಡಗುಗಳ ಎಣ್ಣೆ ಗಟ್ಟಿಯಾಗಿ ಆಗುವಂಥದ್ದು. ಚಿಕ್ಕಂದಿನಲ್ಲಿ ನಮ್ಮ ಕಾಲಿಗೆಲ್ಲ ಅಂಟುತ್ತಿತ್ತು. ಮರೆತೇಬಿಟ್ಟಿದ್ದೆ. ಮೀನು ಹುರಿಯುವ ಗಾಡಿಯ ಹೆಂಗಸು ಒಂದು ಚಮಚ ತೆಂಗಿನೆಣ್ಣೆ ಕೊಟ್ಟಳು. ಉಜ್ಜಿ ಉಜ್ಜಿ ತೆಗೆದೆ. ಅಡಿಯಲ್ಲಿ ಬರೀ ಒಡೆದ ಹಿಮ್ಮಡಿ. ಆದರೂ ಎಡಗಾಲನ್ನೂ ಬೆರಳ ಸಂದಿ ಬಿಡಿಸಿ ನೋಡಿದೆ. ಹುಡುಗ ಟೋಪಿ ಹಾಕಿಕೊಂಡೇ ಬಂದು ಪಕ್ಕದಲ್ಲಿ ಕೂತು ಎರಡೂ ಕಾಲು ಚಾಚಿ, "ನನ್ನದೂ ನೋಡಿ" ಅಂದ. ಅವನದ್ದೂ ನೋಡಿದೆ. ಮರಳು ಇತ್ತು.

ಅಮ್ಮ ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಡಾಕ್ಟರರ ಕಾಲು ನೋಡುವವರು ಯಾರು ಅಂತ ಗೊಣಗುತ್ತಾ, ಸೆರಗಿನಿಂದ ಒರೆಸಿ, ಮುಖಕ್ಕೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ದಾಲ ಇಜ್ಜಿ" ಅಂದರು.

ಅವರ ಕನ್ನಡಕ ಕಾರಿನಲ್ಲೇ ಇತ್ತು. ಹುಡುಗನನ್ನು ಕರೆದು, ಟಾರ್ಚ್ ಹಿಡಿಸಿ, ಇನ್ನೊಂದು ಸಲ ನೋಡಿಸಿಕೊಂಡೆ.